ಎಣ್ಣೆ ಹೀರುವ ಪಂಪು ಕೊಳ್ಳುವ ಮುಂಚೆ ಒಂದು ಡಬ್ಬಿ ಇಡಿ



ಸೊಲ್ಲಾಪುರದಲ್ಲಿ ಮನೆ ಮಾಡಿಕೊಂಡು ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಿಗೆ ಗಾಡಿ ಮೇಲೆ ಹೋಗಿಬರುವ ಶಿಕ್ಷಕರು ನಮ್ಮಲ್ಲಿದ್ದಾರೆ. ಅಕ್ಕಲಕೋಟದವರೆಗೇ ಸುಮಾರು 40 ಕಿ.ಮೀ., ಹೋಗಿಬರಲು 80. ತಿಂಗಳಿಗೆ 24 ದಿನ ಹಿಡಿದರೂ 1,900 ಕಿ.ಮೀ. ದಾಟುತ್ತದೆ. ಹೀಗೆ ಓಡುವ ಬೈಕಿಗೆ ಎರಡು ತಿಂಗಳಿಗೊಮ್ಮೆಯಾದರೂ ಎಂಜಿನ್ ಆಯಿಲ್ ಬದಲಿಸಬೇಕಾಗುತ್ತದೆ. ಗ್ಯಾರೇಜಿಗೆ ಹೋದರೆ ರವಿವಾರ ಅರ್ಧ ದಿನ ಅಲ್ಲೇ ಕಳೆಯಿತು! ಅದಕ್ಕೇ ಕೆಲವರು ಮನೆಯಲ್ಲೇ ಈ ಕೆಲಸ ಮಾಡಿಕೊಳ್ಳುತ್ತಾರೆ. ಕಾರು ಇದ್ದವರಿಗೆ ಎಣ್ಣೆ ಹೀರುವ ಪಂಪಿನ ಮೇಲೆ, ಅಂದರೆ ವ್ಯಾಕ್ಯೂಮ್ ಆಯಿಲ್ ಎಕ್ಸ್‌ಟ್ರ್ಯಾಕ್ಟರ್ ಮೇಲೆ, ಮನಸ್ಸು ಹೋಗಿದೆ.

ಕೊಳ್ಳಲಿ, ನನ್ನ ವಿರೋಧವಿಲ್ಲ. ಆದರೆ ಹೊರಬಂದ ಕಪ್ಪು ಎಣ್ಣೆ ಎಲ್ಲಿಗೆ ಹೋಗಬೇಕೆಂದು ನಿಶ್ಚಯವಾಗುವ ತನಕ ಕೊಳ್ಳುವುದು ಬೇಡ. ಇಷ್ಟೇ ನನ್ನ ವಾದ.

ಮೊದಲು ಪಂಪಿನ ಕೆಲಸ ನೋಡೋಣ. ಗಾಡಿಯನ್ನು ಕೆಲವು ನಿಮಿಷ ಚಾಲೂ ಇಟ್ಟು ಎಣ್ಣೆ ಬೆಚ್ಚಗೆ ಮಾಡಬೇಕು. ತೀರ ಸುಡುತ್ತಿರಬಾರದು, ಕೊಳವೆ ಮೆತ್ತಗಾಗುತ್ತದೆ. ಎಂಜಿನ್ ಬಂದ್ ಮಾಡಿ, ಎಣ್ಣೆ ನೋಡುವ ಕಡ್ಡಿ ತೆಗೆದು, ಆ ತೂತಿನಲ್ಲಿ ಕೊಳವೆಯನ್ನು ತಳದವರೆಗೆ ಇಳಿಸಬೇಕು. ಹಿಡಿಕೆಯನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಮಾಡಿದರೆ ಡಬ್ಬಿಯೊಳಗಿನ ಗಾಳಿ ಕಡಿಮೆಯಾಗುತ್ತದೆ, ಎಣ್ಣೆ ತಾನೇ ಏರಿ ಬರುತ್ತದೆ. ನಿಜವಾಗಿ ಅದನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಎಳನೀರಿಗೆ ಸ್ಟ್ರಾ ಹಾಕಿ ಹೀರಿದ ಹುಡುಗರಿಗೆ ಈ ಪಾಠ ಬೇಗ ತಿಳಿಯುತ್ತದೆ.

ಕಾರಿಗೆ ಇದು ಅನುಕೂಲ, ಗಾಡಿಯ ಕೆಳಗೆ ಮಲಗುವ ಕೆಲಸವಿಲ್ಲ. ಆದರೆ ಎಲ್ಲ ಎಂಜಿನ್ನುಗಳಲ್ಲೂ ಕೊಳವೆ ತಳ ಮುಟ್ಟುವುದಿಲ್ಲ. ಆದ್ದರಿಂದ ಎಷ್ಟು ಹೊರಬಂತೆಂದು ಅಳೆದು, ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಹೋಲಿಸಿ, ಆಮೇಲೆ ಹೊಸದನ್ನು ಹಾಕಿ. ಇಲ್ಲದಿದ್ದರೆ ಎಣ್ಣೆ ಹೆಚ್ಚಾದೀತು. ಬೈಕಿಗೆ ಮಾತ್ರ ಈ ಪಂಪು ಬೇಕಿಲ್ಲ ಎನ್ನುತ್ತೇನೆ. ಅದರ ಡ್ರೇನ್ ಬೋಲ್ಟ್ ಕೈಗೆ ಸಿಗುತ್ತದೆ, ತಳದ ಗಸಿಯೂ ಅಲ್ಲಿಂದಲೇ ಚೆನ್ನಾಗಿ ಇಳಿಯುತ್ತದೆ. ಇನ್ನು ಈ ಪಂಪಿನಿಂದ ಪೆಟ್ರೋಲ್ ತೆಗೆಯಲು ಯಾರೂ ಹೋಗಬಾರದು, ಬೆಂಕಿಯ ಭಯ.

ಇಡುವ ರೀತಿಯೂ ಮುಖ್ಯ. ಕೆಲಸ ಮುಗಿದ ಮೇಲೆ ಒಳಗಿನ ಒತ್ತಡ ಬಿಟ್ಟು, ಎಣ್ಣೆಯನ್ನು ಪೂರ್ತಿ ಬಸಿಯಿರಿ. ಕೊಳವೆಗಳನ್ನು ತೂಗುಹಾಕಿ ಕೊನೆಯ ಹನಿ ಇಳಿಸಿ, ಒರೆಸಿ, ಬಾಯಿ ಮುಚ್ಚಿ. ಡಬ್ಬಿ ನೆಟ್ಟಗೆ ನಿಂತಿರಲಿ. ನಮ್ಮ ಸೊಲ್ಲಾಪುರದ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲೆ ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಸೀಳುತ್ತದೆ. ನೆರಳಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಈಗ ಅಸಲು ಮಾತಿಗೆ ಬರುತ್ತೇನೆ. ಗ್ಯಾರೇಜಿನಲ್ಲಿ ಸುಟ್ಟ ಎಣ್ಣೆ ಡ್ರಮ್ಮಿಗೆ ಬೀಳುತ್ತದೆ, ಅದಕ್ಕೆ ಬೆಲೆಯಿದೆ, ಒಯ್ಯುವವರಿದ್ದಾರೆ. ಮನೆಯಲ್ಲಿ ಯಾರು ಒಯ್ಯಬೇಕು? ಗಟಾರ ಹತ್ತಿರವಿದೆ, ಹಿತ್ತಲ ಮಣ್ಣು ಅದಕ್ಕಿಂತ ಹತ್ತಿರ. ಕೆಲಸ ಸುಲಭವಾದಷ್ಟೂ ಮನೆಯಲ್ಲಿ ಮಾಡುವವರು ಹೆಚ್ಚುತ್ತಾರೆ, ಗಟಾರಕ್ಕೆ ಹೋಗುವುದೂ ಹೆಚ್ಚುತ್ತದೆ. ಒಂದು ಬೈಕಿಗೆ ಸಲಕ್ಕೆ ಸುಮಾರು ಒಂದು ಲೀಟರ್ ಎಂದರೆ ವರ್ಷಕ್ಕೆ 6 ಲೀಟರ್. ಐದು ಜನ ಶಿಕ್ಷಕರಿದ್ದರೆ 30 ಲೀಟರ್!

ಒಂದು ಆಯಿಲ್ ಚೇಂಜಿನ ಎಣ್ಣೆ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿ ನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ಹಳ್ಳಿಗಳು ಬಾವಿ, ಬೋರಿನ ನೀರು ಕುಡಿಯುವ ಹಳ್ಳಿಗಳು. ಬೋರಿ ಹೊಳೆ ನಳದುರ್ಗದ ಕೋಟೆ ದಾಟಿ, ಕುರನೂರ ಆಣೆಕಟ್ಟಿನಲ್ಲಿ ನಿಂತು, ಅಕ್ಕಲಕೋಟ ತಾಲೂಕಿನಿಂದ ಭೀಮೆಗೆ ಸೇರುತ್ತದೆ. ಭೀಮೆ ಮುಂದೆ ಗಾಣಗಾಪುರದ ಕಡೆ ಹೋಗುತ್ತಾಳೆ. ಕನ್ನಡಕ್ಕಾಗಿ ಗಡಿಯಾಚೆಗೆ ಕೈಚಾಚುವ ನಾವು ಅದೇ ಹೊಳೆಯಲ್ಲಿ ಕರಿ ಎಣ್ಣೆ ಕಳಿಸಿದರೆ ಹೇಗೆ?

ಕೆಲವರು ಸುಟ್ಟ ಎಣ್ಣೆಯನ್ನು ಎಮ್ಮೆಯ ತುರಿಗೆ ಹಚ್ಚುತ್ತಾರೆ. ಅದು ಔಷಧವಲ್ಲ. ಇದು ಪದೇ ಪದೇ ಚರ್ಮಕ್ಕೆ ತಾಗುವುದು ಮನುಷ್ಯರಿಗೂ ಹಾನಿಕರ, ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ನೀರಿನ ಬಾಟಲಿಯಲ್ಲಂತೂ ತುಂಬಿಡಲೇಬೇಡಿ, ಮಗು ಬಾಯಿಗಿಟ್ಟರೆ ಗತಿಯೇನು?

ಕಾನೂನೂ ಸ್ಪಷ್ಟವಿದೆ. 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 2023ರ ತಿದ್ದುಪಡಿಯಿಂದ, 2024ರ ಏಪ್ರಿಲ್ 1ರಿಂದ, ಅದರ ಮರುಬಳಕೆಯ ಹೊಣೆ ಎಣ್ಣೆ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೂ ಬಂದಿದೆ. ಆದರೆ ಕಂಪನಿಯವರು ನಮ್ಮ ಬಾಗಿಲಿಗೆ ಬಂದು ಒಂದು ಲೀಟರ್ ಕೇಳುವುದಿಲ್ಲ. ಅಲ್ಲಿಯವರೆಗೆ ಮುಟ್ಟಿಸುವ ಕೆಲಸ ನಮ್ಮದೇ.

ಅದಕ್ಕೆ ನನ್ನ ಸೂಚನೆ ಸರಳ. ಒಂದು ಶಾಲೆಯ ಶಿಕ್ಷಕರು, ಪಾಲಕರು ಸೇರಿ ಒಂದೇ ಪಂಪು ಕೊಳ್ಳಿ, ಮನೆಗೊಂದು ಯಾಕೆ? ಅದರ ಜೊತೆ 20 ಲೀಟರಿನ ಗಟ್ಟಿ ಮುಚ್ಚಳದ ಒಂದು ಡಬ್ಬಿ ಇಡಿ. ಮೇಲೆ ದೊಡ್ಡ ಅಕ್ಷರದಲ್ಲಿ ‘ಸುಟ್ಟ ಎಣ್ಣೆ - ಮುಟ್ಟಬೇಡಿ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಿರಿ. ಅದಕ್ಕೆ ನೀರು, ಪೆಟ್ರೋಲ್, ಬ್ರೇಕ್ ಆಯಿಲ್ ಬೆರೆಸಬೇಡಿ. ಬಿಸಿಯೂಟ ಬೇಯುವ ಶಾಲೆಯಲ್ಲಿ ಮಾತ್ರ ಇದನ್ನು ಇಡುವುದು ಬೇಡ, ಒಬ್ಬರ ಮನೆಯ ಶೆಡ್ಡಿನಲ್ಲಿರಲಿ. ಅಧಿಕೃತ ಮರುಬಳಕೆದಾರರಿಗೆ ಎಣ್ಣೆ ಕೊಡುವ ಗ್ಯಾರೇಜು ಯಾವುದೆಂದು ಮೊದಲೇ ವಿಚಾರಿಸಿ, ಮಾತಾಡಿಟ್ಟುಕೊಳ್ಳಿ. ಅವರು ಹೂಂ ಅಂದ ಮೇಲೆ ಪಂಪಿನ ವರ್ಗಣಿ ಕೂಡಿಸಿ.