ಒಳ್ಳೆಯ ಧಣಿ ಇದ್ದರೆ ಸಾಕೆ?

ಮೊನ್ನೆ ಪೇಟೆಯಲ್ಲಿ ಕಿರಾಣಿ ವ್ಯಾಪಾರಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: "ಮೇಷ್ಟ್ರೇ, ಅಂಗಡಿಯ ಹುಡುಗರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ. ಬೈದರೂ ಅಷ್ಟೆ, ಬಿಟ್ಟರೂ ಅಷ್ಟೆ. ಏನು ಮಾಡಲಿ?"

ಈ ಪ್ರಶ್ನೆಗೆ ಉತ್ತರ ಹುಡುಕಿದ ಗಿರಣಿ ಧಣಿಯೊಬ್ಬನ ಕಥೆ ಹೇಳುತ್ತೇನೆ. ರಾಬರ್ಟ್ ಓವೆನ್ ಎಳೆಯ ವಯಸ್ಸಿನಲ್ಲೇ ಜವಳಿ ಅಂಗಡಿಯಲ್ಲಿ ದುಡಿದವನು. 1800 ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯ ಆಡಳಿತ ವಹಿಸಿಕೊಂಡನು. ಕೆಲಸಗಾರರು ಕುಡುಕರು, ಕಳ್ಳರು ಎಂಬ ದೂರು ಮೊದಲೇ ಅವನ ಕಿವಿಗೆ ಬಿದ್ದಿತ್ತು. ಆದರೂ ಅವನು ದಂಡನೆಯನ್ನು ನಂಬಲಿಲ್ಲ. ಪ್ರತಿಯೊಬ್ಬರ ಬಳಿಯೂ ನಾಲ್ಕು ಮುಖದ ಮರದ ತುಂಡೊಂದನ್ನು ತೂಗುಹಾಕಿಸಿದ. ಬಿಳಿ ಅತ್ಯುತ್ತಮ, ಹಳದಿ ಒಳ್ಳೆಯದು, ನೀಲಿ ಸಾಧಾರಣ, ಕಪ್ಪು ಕೆಟ್ಟದ್ದು. ಹಿಂದಿನ ದಿನದ ನಡತೆಯ ಬಣ್ಣ ಎದುರಿಗೆ ಕಾಣುತ್ತಿತ್ತು. ಮೇಲ್ವಿಚಾರಕ ಅನ್ಯಾಯ ಮಾಡಿದರೆ ನೇರವಾಗಿ ಓವೆನ್ನನಿಗೇ ದೂರು ಕೊಡಬಹುದಾಗಿತ್ತು.

ಬಣ್ಣದ ತುಂಡಿನಿಂದಲೇ ಜನ ಬದಲಾದರೆಂದು ತಿಳಿಯಬೇಡಿ. ಅಮೆರಿಕದ ಹತ್ತಿ ಬರುವುದು ನಿಂತು ಯಂತ್ರಗಳು ಸುಮ್ಮನಾದಾಗ ಓವೆನ್ ನಾಲ್ಕು ತಿಂಗಳು ಪೂರ್ಣ ಕೂಲಿ ಕೊಟ್ಟ. ಜನರ ನಂಬಿಕೆ ಕುದುರಿದ್ದು ಆಗಲೇ. ಒಳ್ಳೆಯ ಸಾಮಾನನ್ನು ಕಡಿಮೆ ಬೆಲೆಗೆ ಮಾರುವ ಅಂಗಡಿ ತೆರೆದ. ಹತ್ತು ವರ್ಷಕ್ಕೆ ಕೆಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳದೆ ಶಾಲೆಗೆ ಕಳಿಸಿದ. ದುಡಿಮೆಯ ಹೊತ್ತು ಇಳಿಸಿದ. ಇಷ್ಟೆಲ್ಲ ಮಾಡಿಯೂ ಗಿರಣಿ ಲಾಭ ತಂದಿತು. ಕೂಲಿಯವನನ್ನು ಹಿಂಡಿದರೆ ಮಾತ್ರ ಲಾಭವೆನ್ನುವವರು ಇದಕ್ಕೆ ಏನೆನ್ನುತ್ತಾರೆ?

ಆದರೆ ಇನ್ನೊಂದು ಮಾತಿದೆ. ಇಷ್ಟು ಒಳ್ಳೆಯದು ಮಾಡಿದರೂ ಕೆಲಸಗಾರರು ತನ್ನ ದಯೆಯಲ್ಲೇ ಬದುಕುವ ಗುಲಾಮರೆಂದು ಓವೆನ್ನನೇ ಒಪ್ಪಿಕೊಂಡ. 1825 ರಲ್ಲಿ ಗಿರಣಿ ಬೇರೆಯವರ ಕೈಗೆ ಹೋಯಿತು. ಧಣಿ ಬದಲಾಗುವುದನ್ನು ತಡೆಯುವ ಶಕ್ತಿ ದುಡಿಯುವವರಿಗೆ ಎಲ್ಲಿತ್ತು? ದಯೆ ಧಣಿಯ ಜೊತೆ ಬರುತ್ತದೆ, ಅವನ ಜೊತೆಯೇ ಹೋಗುತ್ತದೆ. ಹಕ್ಕು ಹಾಗಲ್ಲ.

ನಾನೂ ಕೆಲವು ವರ್ಷ ಶಾಲೆಯಲ್ಲಿ ಬೆತ್ತ ಹಿಡಿದವನು. ಬೆತ್ತ ಕಂಡ ಹುಡುಗರು ಸುಮ್ಮನಾಗುತ್ತಿದ್ದರು, ಕಲಿಯುತ್ತಿದ್ದರೆಂದು ಹೇಳಲಾರೆ. ಆದ್ದರಿಂದ ಆ ವ್ಯಾಪಾರಿಗೆ ಹೇಳಿದೆ: "ಸ್ವಾಮಿ, ಗಿರಾಕಿಗಳೆದುರು ಹುಡುಗನನ್ನು ಬೈಯಬೇಡಿ. ಸಂಬಳವೆಷ್ಟು, ಯಾವ ತಾರೀಖಿಗೆ, ಎಷ್ಟು ಹೊತ್ತಿನ ಕೆಲಸ ಎಂಬುದನ್ನು ಬರೆದುಕೊಡಿ. ವಾರಕ್ಕೊಂದು ದಿನ ರಜೆ ಕೊಡಿ. ನಮ್ಮ ರಾಜ್ಯದ ಅಂಗಡಿ ಕಾಯಿದೆ 1961 ರಲ್ಲೇ ಅದನ್ನು ಹೇಳಿದೆ. ಅವನಿಗೆ ಕಾಯಿಲೆಯಾದಾಗ ವಿಚಾರಿಸಿ. ಆಮೇಲೆ ಕೆಲಸ ನೋಡಿ." ಅವರು ನಕ್ಕು, "ಖರ್ಚಿನ ಬಾಬ್ತು ಹೇಳಿದಿರಿ" ಎಂದರು. ಹೌದು, ಖರ್ಚಿನ ಬಾಬ್ತೇ. ಬಿಟ್ಟಿ ಉಪದೇಶದಿಂದ ಯಾರಿಗೂ ಹುರುಪು ಬರುವುದಿಲ್ಲ.

ಗಿರಣಿಯ ಬಂಧುಗಳಿಗೂ ಒಂದು ಮಾತು. ಒಳ್ಳೆಯ ಧಣಿ ಸಿಕ್ಕರೆ ಸಂತೋಷಪಡಿ, ನಿಯತ್ತಿನಿಂದ ದುಡಿಯಿರಿ. ಆದರೆ ಅವನು ಒಳ್ಳೆಯವನೆಂದು ಸಂಘದ ಚಂದಾ ನಿಲ್ಲಿಸಬೇಡಿ. ನಾಳೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಬಲ್ಲವರಾರು?