ಕೊಣ್ಣೂರಿನ ಕಲ್ಲುಮನೆಗಳು ಗೋರಿಗಳೇ

ಗೋಕಾಕ ಫಾಲ್ಸ್ ಸಮೀಪದ ಕೊಣ್ಣೂರಿನ ಕಲ್ಲುಮನೆಗಳು ಬೃಹತ್ ಶಿಲಾಯುಗದ ಸಮಾಧಿಗಳು ಎಂದಾಗಲೆಲ್ಲ ನಮ್ಮ ಕಿತ್ತೂರು ನಾಡಿನಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಅವಕ್ಕೆ ಉತ್ತರ ಕೊಡಲೇಬೇಕು.

"ಅವು ಪಾಂಡವರು ವನವಾಸದಾಗ ಇದ್ದ ಮನಿ" ಎನ್ನುತ್ತಾರೆ. ಜನರ ಈ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಬಾಳಿದ ಮನೆಯಲ್ಲಿ ಒಲೆ, ಬೂದಿ, ಬೀಸುಕಲ್ಲು ಸಿಗಬೇಕು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಊರಿನ ನೆಲೆಯನ್ನೂ ಇಂಥ ಕಲ್ಲುಕೋಣೆಗಳನ್ನೂ ಬೇರೆಬೇರೆಯಾಗಿ ಅಗೆಸಿದರು. ಕೋಣೆಗಳಲ್ಲಿ ಸಿಕ್ಕಿದ್ದು ಎಲುಬು, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ.

"ಎಲುಬು ಪೂರ್ತಿ ಇಲ್ಲಲ್ಲ, ಗೋರಿ ಹೆಂಗಾತು?" ಇದು ಗಟ್ಟಿ ಪ್ರಶ್ನೆ. ಅಂದಿನವರು ಹಲವೆಡೆ ಹೆಣವನ್ನು ಮೊದಲು ಬೇರೆ ಕಡೆ ಇಟ್ಟು, ಮಾಂಸ ಕರಗಿದ ಮೇಲೆ ಆಯ್ದ ಎಲುಬುಗಳನ್ನಷ್ಟೇ ತಂದು ಕೋಣೆ ಸೇರಿಸುತ್ತಿದ್ದರು. ಒಂದೇ ಕೋಣೆಯಲ್ಲಿ ಹಲವರ ಎಲುಬು ಸಿಗುವುದು ಅದಕ್ಕೇ. ಎಲುಬೇ ಸಿಗದ ಗೋರಿಯೂ ಉಂಟು: ಇಂಗ್ಲೆಂಡಿನ ಸಟನ್ ಹೂದಲ್ಲಿ 1939ರಲ್ಲಿ ಸುಮಾರು 27 ಮೀಟರ್ ಉದ್ದದ ಹಡಗಿನ ಗುರುತು, ಶಿರಸ್ತ್ರಾಣ, ಖಡ್ಗ, ಬಂಗಾರ ಎಲ್ಲ ಸಿಕ್ಕವು; ಶವ ಮಾತ್ರ ಕಾಣಲಿಲ್ಲ. ಆಮ್ಲದ ಮಣ್ಣು ಅದನ್ನು ಕರಗಿಸಿತ್ತೆಂಬುದು ವಿದ್ವಾಂಸರ ನಿಲುವು. ಆ ತಾಣವನ್ನು ಗೋರಿ ಎಂದು ತೋರಿಸಿಕೊಟ್ಟದ್ದು ವಸ್ತುಗಳ ಜೋಡಣೆ.

"ಸತ್ತವರ ಸಂಗಾಟ ವಸ್ತು ಇಡೂದು ನಮ್ಮ ಪದ್ಧತಿ ಅಲ್ಲ" ಎಂಬ ಮಾತು ಬೈಲಹೊಂಗಲ, ಸವದತ್ತಿ ಕಡೆಯವರ ಬಾಯಲ್ಲಿ ಬಂದರೆ ನನಗೆ ಆಶ್ಚರ್ಯ. ಇಲ್ಲಿನ ಲಿಂಗಾಯತ ಮನೆಗಳಲ್ಲಿ ಹಿರಿಯರು ಲಿಂಗೈಕ್ಯರಾದರೆ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆಯೊಡನೆ ಮಣ್ಣು ಮಾಡುವುದನ್ನು ನೋಡದವರು ಯಾರು? ಈ ಪದ್ಧತಿಗೂ ಆ ಕಲ್ಲುಗೋರಿಗಳಿಗೂ ವಂಶದ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಬಾಳಿನಲ್ಲಿ ಬೆಲೆಯುಳ್ಳದ್ದನ್ನು ಸತ್ತವರ ಕೈಗೆ ಕೊಟ್ಟು ಕಳಿಸುವ ಮನಸ್ಸು ಈ ನೆಲಕ್ಕೆ ಹೊಸದಲ್ಲ ಎನ್ನುತ್ತಿದ್ದೇನೆ.

ಇನ್ನು "ಒಳಗ ಬಂಗಾರ ಐತಿ, ತಗದ್ರ ತಪ್ಪೇನು" ಎನ್ನುವವರು. ಇವರಿಂದಲೇ ಹೆಚ್ಚು ಹಾನಿ. ಕರ್ನಾಟಕದ ಈ ಗೋರಿಗಳಲ್ಲಿ ಬಂಗಾರ ಅಪರೂಪ, ಹೆಚ್ಚಾಗಿ ಸಿಗುವುದು ಮಡಕೆ, ಕಬ್ಬಿಣ. ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣ ಸುಮಾರು ಕ್ರಿ.ಪೂ. 1000ದಷ್ಟು ಹಳೆಯದು. ಕಬ್ಬಿಣ ಹೊಸದಾಗಿದ್ದ ಆ ಕಾಲದಲ್ಲಿ ಕುಡಗೋಲನ್ನು ಸತ್ತವರಿಗೆ ಬಿಟ್ಟುಕೊಟ್ಟ ಮನೆಯವರ ದುಃಖ ಎಷ್ಟಿರಬೇಕು! ಆ ಕುಡಗೋಲು ಯಾವ ಎಲುಬಿನ ಪಕ್ಕ, ಯಾವ ಮಡಕೆಯ ಕೆಳಗೆ ಇತ್ತು ಎಂಬುದು ನಿಧಿಗಳ್ಳರ ಒಂದೇ ಹಾರೆ ಏಟಿಗೆ ಅಳಿಸಿಹೋಗುತ್ತದೆ, ಮತ್ತೆ ಬರೆಯಲಾಗುವುದಿಲ್ಲ.

ರಾಮದುರ್ಗ, ಸವದತ್ತಿ ಕಡೆ ಹೊಲ ಹರಗುವಾಗ ಕಲ್ಲುಚಪ್ಪಡಿಯ ಗೂಡು, ಕಪ್ಪು-ಕೆಂಪು ಮಡಕೆಚೂರು ಕಂಡರೆ ಕೈಹಾಕದೆ ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ.