ಬದಲಾಗಬೇಕಾದದ್ದು ಹಂಚಲ್ಲ, ಬಚ್ಚಲಿನ ಒಲೆ

ಹಳತಾಯಿತು ಎಂಬುದೊಂದೇ ಒಂದು ವಸ್ತುವನ್ನು ಎಸೆಯಲು ಕಾರಣವಾಗಬಲ್ಲುದೇ? ಫಲ ಕೊಡುತ್ತಿರುವ ತೆಂಗನ್ನು ವಯಸ್ಸು ಎಣಿಸಿ ಯಾರೂ ಕಡಿಯುವುದಿಲ್ಲ. ಆದರೆ ಮನೆಯನ್ನು ತಂಪಾಗಿಡುವ, ನೀರು ಕಾಯಿಸುವ ವ್ಯವಸ್ಥೆಗಳ ವಿಷಯದಲ್ಲಿ ಭಟ್ಕಳ, ಹೊನ್ನಾವರ, ಕುಮಟಾದ ನಾವು ಈ ವಿವೇಕವನ್ನು ಮರೆತಿದ್ದೇವೆ. ಉಳಿಸಬೇಕಾದದ್ದನ್ನು ಕೆಡವುತ್ತಿದ್ದೇವೆ, ಬದಲಿಸಬೇಕಾದದ್ದನ್ನು ಉಳಿಸಿಕೊಂಡಿದ್ದೇವೆ.

ಹಂಚಿನ ಮಾಡನ್ನೇ ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಹರಡಿದ ಈ ಹಂಚು, ಸಂದುಗಳ ಮೂಲಕ ಬಿಸಿಗಾಳಿಯನ್ನು ಹೊರಬಿಡುತ್ತದೆ; ಸೂರ್ಯ ಮುಳುಗಿದೊಡನೆ ತಣಿಯುತ್ತದೆ. ಒಡೆದ ಹಂಚನ್ನಷ್ಟೇ, ಗೆದ್ದಲು ಹಿಡಿದ ಪಕಾಸು-ರೀಪನ್ನಷ್ಟೇ ಬದಲಿಸಿದರೆ ಸಾಕು. ಅದನ್ನು ಕಿತ್ತು ಹಾಕಿದ ಕಾಂಕ್ರೀಟು ಸ್ಲ್ಯಾಬು ಹಗಲಿನ ಬಿಸಿಲನ್ನು ಹೀರಿ ರಾತ್ರಿಯಿಡೀ ಮನೆಯೊಳಕ್ಕೆ ಕಾರುತ್ತದೆ. ಆಗ ಎ.ಸಿ. ಬೇಕಾಗುತ್ತದೆ; ಸಂಜೆಯ ವಿದ್ಯುತ್ ಬೇಡಿಕೆ ಏರುತ್ತದೆ. ಇಂಥ ಬೇಡಿಕೆಯನ್ನೇ ಮುಂದೊಡ್ಡಿ ತಲಕಳಲೆ-ಗೇರುಸೊಪ್ಪೆಗಳ ನಡುವೆ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮಂಡಿಸಲಾಗಿದೆ. ಸಿಂಗಳೀಕಗಳ ಕಾಡಿನ ಮೇಲೆ ಎತ್ತಿದ ಕೊಡಲಿಗೆ ನಾವೇ ಕಾವಾಗಬೇಕೆ?

ಇತ್ತ ಬಚ್ಚಲುಮನೆಯ ಹಂಡೆಯನ್ನು ನೋಡಿ. ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಪಾತ್ರೆಗೆ ತಲುಪುತ್ತದೆ. ಉಳಿದದ್ದು ವ್ಯರ್ಥ; ಹೊಗೆ ಮಾತ್ರ ಹೆಣ್ಣುಮಕ್ಕಳ ಪಾಲು. ಭಾರತೀಯ ವಿಜ್ಞಾನ ಸಂಸ್ಥೆಯು 1980ರ ದಶಕದಲ್ಲೇ ‘ಅಸ್ತ್ರ ಒಲೆ’ಯ ಮೂಲಕ ಉರುವಲಿನ ಉಳಿತಾಯವನ್ನು ತೋರಿಸಿಕೊಟ್ಟಿತು. 2016ರ ಉಜ್ವಲಾ ಯೋಜನೆಯು ಅಡುಗೆಮನೆಗೆ ಅನಿಲ ತಂದಿತು, ಬಚ್ಚಲಿಗೆ ತರಲಿಲ್ಲ. ಸುಸ್ಥಿತಿಯಲ್ಲಿದ್ದರೂ ಇಂದೇ ಬದಲಾಗಬೇಕಾದದ್ದು ಈ ಒಲೆ. ಮಳೆಗಾಲದಲ್ಲಿ ಸೋಲಾರ್ ಹೀಟರು ನೀರು ಕಾಯಿಸದೆಂಬ ಆಕ್ಷೇಪ ನಿಜವೇ. ಆ ನಾಲ್ಕು ತಿಂಗಳಿಗೆ ಚಿಮಣಿಯುಳ್ಳ ಸುಧಾರಿತ ಒಲೆಯಿರಲಿ. ತೋಟದ ತೆಂಗಿನ ಸಿಪ್ಪೆ, ಒಣ ಮಡಲು ಉರಿಯಲಿ. ಉಳಿದ ಎಂಟು ತಿಂಗಳ ಬಿಸಿಲಿಗೆ ಬೆಲೆಯಿಲ್ಲ.

ಈಗಾಗಲೇ ಎ.ಸಿ. ಇಟ್ಟುಕೊಂಡವರೂ ಜಾಹೀರಾತಿಗೆ ಮರುಳಾಗಬೇಕಿಲ್ಲ. ಫಿಲ್ಟರ್ ತೊಳೆದು, ಸಣ್ಣ ದುರಸ್ತಿ ಮಾಡಿಸಿದರೆ ನಡೆಯುವ ಯಂತ್ರವನ್ನು ಎಸೆಯಬೇಡಿ. ಆದರೆ ಆರ್-22 ಅನಿಲದ ಹಳೆಯ ಯಂತ್ರ ಪದೇ ಪದೇ ಸೋರುತ್ತಿದ್ದರೆ ಮತ್ತೆ ಅನಿಲ ತುಂಬಿಸಬೇಡಿ. ಅದು ಓಝೋನ್ ಪದರಕ್ಕೂ ಹವಾಮಾನಕ್ಕೂ ಕಂಟಕ. 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತವು 2030ರ ವೇಳೆಗೆ ಬಹುತೇಕ ಕೈಬಿಡಲಿರುವ ಅನಿಲ.

ಬಂಧುಗಳೇ, ವಿದ್ಯಾರ್ಥಿ ಮಿತ್ರರೇ, ಬೇಸಿಗೆಗೆ ಮುನ್ನ ನಿಮ್ಮ ಮನೆಯ ಮಾಡನ್ನೂ ಬಚ್ಚಲನ್ನೂ ಒಮ್ಮೆ ಪರೀಕ್ಷಿಸಿ. ಇದಕ್ಕೆ ಎಷ್ಟು ವರ್ಷವಾಯಿತು ಎಂದು ಕೇಳಬೇಡಿ. ಇದನ್ನು ಇಟ್ಟುಕೊಂಡರೆ ಕಾಡು, ಹೊಳೆಗಳು ತೆರುವ ಬೆಲೆಯೆಷ್ಟು, ಕಿತ್ತರೆ ತೆರುವ ಬೆಲೆಯೆಷ್ಟು ಎಂದು ಕೇಳಿ.